ಜೋತುಬಿದ್ದ ರೂಫ್ ಲೈನಿಂಗ್‌ಗೆ ಹೊಸ ಬಟ್ಟೆ: ಕಾರವಾರದ ಮೂರು ಮಳೆಗಾಲಗಳ ನಂತರದ ವಿಮರ್ಶೆ

ಕಾರಿನ ಒಳಛಾವಣಿಯ ಬಟ್ಟೆ ಜೋತುಬಿದ್ದಾಗ ಅಂಟು ಬಿಟ್ಟಿದೆ, ಮತ್ತೆ ಅಂಟಿಸಿದರಾಯಿತು ಎಂದು ಹೆಚ್ಚಿನವರು ತಿಳಿಯುತ್ತಾರೆ. ನಿಜವಾಗಿ ಸತ್ವ ಕಳೆದುಕೊಂಡಿರುವುದು ಬಟ್ಟೆಯ ಬೆನ್ನಿಗಿರುವ ಫೋಮ್. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಲಸ ಮಾಡಿಸಿದ್ದರಿಂದಲೇ 2007ರ ಮಾದರಿಯ ನಮ್ಮ ಸೆಡಾನ್ ಕಾರಿನ ರೂಫ್ ಲೈನಿಂಗ್ ಕಾರವಾರದ ಮೂರು ಮಳೆಗಾಲಗಳನ್ನು ಕಂಡ ಮೇಲೂ ಬಿಗಿಯಾಗಿ ನಿಂತಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೆಲಸ ಮಾಡಿಕೊಟ್ಟದ್ದು ಊರಿನದೇ ಒಂದು ಕುಶನ್ ಅಂಗಡಿ. ಬಟ್ಟೆಯನ್ನು ಅವರು ಹುಬ್ಬಳ್ಳಿಯಿಂದ ತರಿಸಿದರು. ಬಟ್ಟೆ, ಸೊಲ್ಯೂಷನ್ (ಅಂಟು), ಕೂಲಿ ಎಲ್ಲವೂ ಸೇರಿ 5500 ರೂಪಾಯಿ ಆಯಿತು.

ಈ ಕಾರು ಮೊದಲು ಶಿರಸಿಯಲ್ಲಿರುವ ನಮ್ಮ ಚಿಕ್ಕಪ್ಪನವರದಾಗಿತ್ತು. ನಮ್ಮ ಮನೆಗೆ ಬರುವ ಹೊತ್ತಿಗಾಗಲೇ ಹಿಂದಿನ ಸೀಟಿನ ಮೇಲ್ಭಾಗದಲ್ಲಿ ಬಟ್ಟೆ ಬಿಟ್ಟುಕೊಂಡಿದ್ದು, ಅದನ್ನು ಅಲ್ಲಲ್ಲಿ ಪಿನ್ನುಗಳಿಂದ ಚುಚ್ಚಿ ನಿಲ್ಲಿಸಲಾಗಿತ್ತು. ಹೆದ್ದಾರಿಯಲ್ಲಿ ಕಿಟಕಿಯ ಗಾಜು ಇಳಿಸಿ ಓಡಿಸಿದರೆ ಗಾಳಿ ಒಳಸೇರಿ ಬಟ್ಟೆ ಉಬ್ಬುತ್ತಿತ್ತು. ಆಗ ಒಳಗನ್ನಡಿಯಲ್ಲಿ ಹಿಂದಿನ ರಸ್ತೆಯ ಬದಲು ಬಟ್ಟೆಯೇ ಕಾಣುತ್ತಿತ್ತು. ದೇವಿಮನೆ ಘಟ್ಟದ ತಿರುವುಗಳಲ್ಲಿ ಹಿಂದೆ ಲಾರಿ ಬರುತ್ತಿದೆಯೇ ಇಲ್ಲವೇ ಎಂಬುದು ತಿಳಿಯದೆ ಇಳಿಯುವುದು ಅಪಾಯಕರ. ಆದ್ದರಿಂದ ಇದು ಬರೀ ಅಂದಚೆಂದದ ವಿಷಯ, ಮುಂದೆ ನೋಡೋಣ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಈಚಿನ ಕೆಲವು ದಶಕಗಳ ಬಹುತೇಕ ಕಾರುಗಳಲ್ಲಿ ಒಳಛಾವಣಿಗೆ ಮೂರು ಪದರಗಳಿರುತ್ತವೆ. ತಗಡಿನ ಬದಿಗೆ ಅಚ್ಚಿನಲ್ಲಿ ಒತ್ತಿ ತಯಾರಿಸಿದ ನಾರಿನ ಅಥವಾ ಫೈಬರ್‌ಗ್ಲಾಸಿನ ಹಗುರವಾದ ಬೋರ್ಡು, ಅದರ ಕೆಳಗೆ ಸುಮಾರು 3 ಮಿಲಿಮೀಟರ್ ದಪ್ಪದ ಪಾಲಿಯುರೆಥೇನ್ ಫೋಮ್, ಕೊನೆಗೆ ನಮ್ಮ ಕಣ್ಣಿಗೆ ಕಾಣುವ ತೆಳುವಾದ ಹೆಣಿಗೆ ಬಟ್ಟೆ. ಫೋಮ್ ಮತ್ತು ಬಟ್ಟೆ ಕಾರ್ಖಾನೆಯಲ್ಲೇ ಬೆಸೆದುಕೊಂಡು ಒಂದೇ ಹಾಳೆಯಾಗಿ ಬರುತ್ತವೆ. ಆ ಹಾಳೆಯ ಬೆನ್ನನ್ನು ಬೋರ್ಡಿಗೆ ಅಂಟಿಸಿರುತ್ತಾರೆ. ವರ್ಷಗಳು ಕಳೆದಂತೆ ಅಂಟು ಬೋರ್ಡನ್ನು ಹಿಡಿದುಕೊಂಡೇ ಇರುತ್ತದೆ, ಬಟ್ಟೆಯೂ ಹರಿಯದೆ ಉಳಿದಿರುತ್ತದೆ, ಆದರೆ ನಡುವಿನ ಫೋಮ್ ಮಾತ್ರ ಸತ್ವಹೀನವಾಗಿ, ಬೆರಳು ತಾಗಿಸಿದರೆ ಕಂದುಬಣ್ಣದ ರವೆಯಂತೆ ಉದುರತೊಡಗುತ್ತದೆ.

ಇದಕ್ಕೆ ಕಾರಣ ಶಾಖ ಮತ್ತು ತೇವ. ಪಾಲಿಯುರೆಥೇನ್ ಫೋಮಿನಲ್ಲಿ ಎಸ್ಟರ್ ಬಗೆ, ಈಥರ್ ಬಗೆ ಎಂದು ಎರಡಿವೆ. ಎಸ್ಟರ್ ಬಗೆಯ ಅಣುಸರಪಳಿಗಳನ್ನು ಗಾಳಿಯಲ್ಲಿನ ನೀರಿನಂಶ ನಿಧಾನವಾಗಿ ತುಂಡರಿಸುತ್ತದೆ ಮತ್ತು ಶಾಖ ಹೆಚ್ಚಿದಷ್ಟೂ ಈ ಕ್ರಿಯೆ ಚುರುಕಾಗುತ್ತದೆ. ಈಥರ್ ಬಗೆ ತೇವವನ್ನು ಹೆಚ್ಚು ತಾಳಿಕೊಂಡರೂ ಬೆಳಕು ಮತ್ತು ಆಮ್ಲಜನಕದಿಂದ ಹಾಳಾಗುತ್ತದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗಿನ ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಬೇಸಿಗೆಯಲ್ಲಿ ಅದೇ ಊರಿನ ಬಿಸಿಲಿಗೆ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗಿನ ಶಾಖ 60 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು. ಫೋಮನ್ನು ಕೊಲ್ಲುವ ಎರಡೂ ಸಂಗತಿಗಳು ಇಲ್ಲಿ ಒಂದೇ ವರ್ಷದೊಳಗೆ ಸರದಿಯಂತೆ ಬಂದುಹೋಗುತ್ತವೆ.

ಫೋಮ್ ಪುಡಿಯಾಗಿರುವಾಗ ಬಟ್ಟೆಯನ್ನು ಇದ್ದಲ್ಲೇ ಮತ್ತೆ ಅಂಟಿಸುವ ಉಪಾಯಗಳೆಲ್ಲ ಏಕೆ ನಿಲ್ಲುವುದಿಲ್ಲ ಎಂಬುದು ಇದರಿಂದಲೇ ಸ್ಪಷ್ಟವಾಗುತ್ತದೆ. ಸಿರಿಂಜಿನಿಂದ ಅಂಟು ಹಾಕಿದರೂ, ಬಟ್ಟೆ ಎತ್ತಿ ಸ್ಪ್ರೇ ಹೊಡೆದರೂ, ಹೊಸ ಅಂಟು ಹಿಡಿದುಕೊಳ್ಳುವುದು ಆ ಪುಡಿಯನ್ನೇ. ಪುಡಿಗೆ ಬೋರ್ಡಿನ ಮೇಲೆ ಯಾವ ಹಿಡಿತವೂ ಇಲ್ಲ. ಮೇಲಾಗಿ ಅಂಟು ತೆಳು ಬಟ್ಟೆಯ ಮೂಲಕ ಹೊರಬಂದು, ಒಣಗಿದ ಮೇಲೆ ಎಂದೂ ಹೋಗದ ಕಲೆಯಾಗುತ್ತದೆ. ಸುರುಳಿಪಿನ್ನುಗಳನ್ನು ಚುಚ್ಚುವುದು ಇವೆಲ್ಲಕ್ಕಿಂತ ವಾಸಿ, ಏಕೆಂದರೆ ಅದರಿಂದ ಬಟ್ಟೆಗೆ ಹೆಚ್ಚಿನ ಹಾನಿಯಿಲ್ಲ. ಸರಿಯಾದ ಕೆಲಸ ಮಾಡಿಸುವವರೆಗೆ ಕನ್ನಡಿಯ ನೋಟವನ್ನಾದರೂ ಅದು ಉಳಿಸಿಕೊಡುತ್ತದೆ.

ಸರಿಯಾದ ಕೆಲಸವೆಂದರೆ ಬೋರ್ಡನ್ನೇ ಕಾರಿನಿಂದ ಹೊರತೆಗೆಯುವುದು. ಸನ್ ವೈಸರ್, ಹಿಡಿಕೆಗಳು, ಒಳದೀಪ, ಮಾಡನ್ನು ಹೊತ್ತಿರುವ ಬಾಗಿಲು-ಗಾಜುಗಳ ನಡುವಿನ ಕಂಬಗಳ ಪ್ಲಾಸ್ಟಿಕ್ ಹೊದಿಕೆ, ಬಾಗಿಲುಗಳ ಸುತ್ತಲಿನ ರಬ್ಬರ್ ಬೀಡಿಂಗ್ ಇವೆಲ್ಲ ಬಿಚ್ಚಿದ ಮೇಲೆ, ಮುಂದಿನ ಸೀಟುಗಳನ್ನು ಪೂರ್ತಿ ಹಿಂದಕ್ಕೆ ಒರಗಿಸಿ, ಇಬ್ಬರು ಸೇರಿ ಬೋರ್ಡನ್ನು ಬಾಗಿಲಿನಿಂದ ಹೊರಗೆಳೆಯುತ್ತಾರೆ. ಹ್ಯಾಚ್‌ಬ್ಯಾಕ್ ಕಾರಾದರೆ ಡಿಕ್ಕಿಯ ಬಾಗಿಲಿನಿಂದ ತೆಗೆಯುವುದು ಸುಲಭ. ಸೆಡಾನ್‌ನಲ್ಲಿ ತಾಳ್ಮೆ ಬೇಕು, ಬೋರ್ಡು ಒಮ್ಮೆ ಮಡಿಚಿತೆಂದರೆ ಆ ಗೆರೆ ಹೊಸ ಬಟ್ಟೆಯ ಮೇಲೂ ಎದ್ದು ಕಾಣುತ್ತದೆ. ಹಳೆಯ ಕಾರಿನ ಪ್ಲಾಸ್ಟಿಕ್ ಕ್ಲಿಪ್‌ಗಳು ಪೆಡಸಾಗಿ ಮುರಿಯುವುದು ಸಹಜವಾದ್ದರಿಂದ ಅಳತೆಗೆ ಹೊಂದುವ ಒಂದಷ್ಟು ಕ್ಲಿಪ್‌ಗಳನ್ನು ಮೊದಲೇ ತಂದಿಟ್ಟುಕೊಳ್ಳುವುದು ಒಳ್ಳೆಯದು. ಮಾಡಿನ ಅಂಚಿನಲ್ಲಿ ಕರ್ಟನ್ ಏರ್‌ಬ್ಯಾಗ್ (ಅಪಘಾತವಾದಾಗ ಕಿಟಕಿಗೆ ಅಡ್ಡವಾಗಿ ಪರದೆಯಂತೆ ಬಿಚ್ಚಿಕೊಳ್ಳುವ ಗಾಳಿಚೀಲ) ಇರುವ ಕಾರುಗಳ ವಿಷಯ ಬೇರೆ. ಅಲ್ಲಿ ಬ್ಯಾಟರಿ ಬಿಚ್ಚದೆ ಕಂಬದ ಹೊದಿಕೆಗೆ ಕೈಹಾಕುವಂತಿಲ್ಲ, ಏರ್‌ಬ್ಯಾಗ್ ಬಲ್ಲ ಮೆಕ್ಯಾನಿಕ್ ಜೊತೆಗಿಲ್ಲದೆ ಆ ಕಾರನ್ನು ಕುಶನ್ ಅಂಗಡಿಗೆ ಒಪ್ಪಿಸಲೂ ಬಾರದು.

ಹಣದ ಬೆಲೆ ತಿಳಿಯುವುದು ಮುಂದಿನ ಹಂತದಲ್ಲಿ. ಹಳೆಯ ಬಟ್ಟೆ ಒಂದೇ ಎಳೆತಕ್ಕೆ ಕಳಚಿ ಬಂದ ಮೇಲೆ ಬೋರ್ಡಿನ ತುಂಬ ಉಳಿಯುವ ಫೋಮಿನ ಜಿಗುಟು ಪದರವನ್ನು ಗಡುಸಾದ ನೈಲಾನ್ ಬ್ರಶ್ಶಿನಿಂದ, ಬೋರ್ಡಿನ ಮೇಲ್ಮೈ ಕಿತ್ತುಬಾರದಂತೆ, ಪೂರ್ತಿಯಾಗಿ ಕೆರೆದು ತೆಗೆಯಬೇಕು. ಅಂಗಡಿಯ ಮೇಸ್ತ್ರಿ ಮೊದಲ ದಿನವೇ ಹೇಳಿದ್ದರು: "ಸರ್, ಅಂಟಿಸೋದು ಗಂಟೆ ಕೆಲಸ. ಕೆರೆಯೋದಕ್ಕೇ ಅರ್ಧ ದಿನ ಹೋಗ್ತದೆ, ಅವಸರ ಮಾಡ್ಬೇಡಿ." ಆ ಮಾತು ಕೇಳಿದ ಮೇಲೆಯೇ ನಾನು ಕಾರನ್ನು ಅವರ ಬಳಿ ಬಿಟ್ಟದ್ದು. ಪುಡಿ ಮೂಗಿಗೆ ಹೋಗದಂತೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಬೋರ್ಡನ್ನು ಹೊರಗಿನ ಬೆಳಕಿಗೆ ಓರೆಯಾಗಿ ಹಿಡಿದು, ಉಳಿದ ಕಣಗಳನ್ನು ಹುಡುಕಿ ಕೆರೆದು, ಕೊನೆಗೆ ಗಾಳಿಯಿಂದ ಊದಿ ಸ್ವಚ್ಛಗೊಳಿಸಿದರು. ಅಂಗೈ ಸವರಿದಾಗ ಏನೂ ಅಂಟದ ಬೋರ್ಡನ್ನು ನೀವೇ ಕಣ್ಣಾರೆ ನೋಡುವವರೆಗೆ ಹೊಸ ಬಟ್ಟೆ ಹಾಕಲು ಒಪ್ಪಬೇಡಿ ಎಂದು ಈ ಕೆಲಸ ಮಾಡಿಸಲಿರುವ ಎಲ್ಲರಿಗೂ ನಾನು ಒತ್ತಿ ಹೇಳುತ್ತೇನೆ. ಬೋರ್ಡಿನ ಮೇಲೆ ಹಳದಿ ನೀರುಕಲೆ ಕಂಡರೆ ಮಾಡಿನಿಂದ ಸೋರಿಕೆಯಿದೆ ಎಂದರ್ಥ. ಆಂಟೆನಾದ ಬುಡ, ಮುಂಗಾಜಿನ ಮೇಲಂಚು, ಮಾಡಿನ ಬದಿಯ ಕಾಲುವೆಯ ಸೀಲಂಟ್ ಇವನ್ನು ನೀರು ಹೊಯ್ದು ಪರೀಕ್ಷಿಸಿ ಮೊದಲು ಸರಿಪಡಿಸಬೇಕು. ನಮ್ಮ ಕಾರಿನಲ್ಲಿ ಆಂಟೆನಾದ ರಬ್ಬರ್ ವಾಷರ್ ಸೀಳಿತ್ತು, ಅದನ್ನು ಬದಲಿಸಿದೆವು.

ಅಂಟಿನ ಆಯ್ಕೆಯಲ್ಲಿ ರಾಜಿ ಬೇಡ. ಮರಗೆಲಸಕ್ಕೆ ಬಳಸುವ ನೀರಿನ ಬಿಳಿ ಅಂಟು ಶಾಖ ಮತ್ತು ತೇವಕ್ಕೆ ಮೆತ್ತಗಾಗುತ್ತದೆ. ಬೇಕಾದದ್ದು ಶಾಖ ತಡೆಯುವ ಸಿಂಥೆಟಿಕ್ ರಬ್ಬರಿನ ಸೊಲ್ಯೂಷನ್. ನಮ್ಮ ಮೇಸ್ತ್ರಿ ಬಳಸಿದ್ದು ಫೆವಿಕಾಲ್ ಎಸ್‌ಆರ್ 998. ಇದನ್ನು ಬೋರ್ಡಿಗೂ ಫೋಮಿನ ಬೆನ್ನಿಗೂ ಎರಡೂ ಕಡೆ ತೆಳುವಾಗಿ ಸಮನಾಗಿ ಹಚ್ಚಿ, ಬೆರಳು ಮುಟ್ಟಿದರೆ ಅಂಟು ಕೈಗೆ ಬರದಷ್ಟು ಆರಿದ ಮೇಲೆಯೇ ಒಂದಕ್ಕೊಂದು ತಾಗಿಸಬೇಕು. ಹಸಿಯಾಗಿರುವಾಗಲೇ ಒತ್ತಿದರೆ ದ್ರಾವಕ ಫೋಮಿನೊಳಗೆ ಇಳಿದು ಅದನ್ನು ಕುಗ್ಗಿಸುತ್ತದೆ, ಬಟ್ಟೆಯ ಮೇಲೆ ತೇಪೆತೇಪೆಯಾಗಿ ಕಾಣುತ್ತದೆ. ಕರಾವಳಿಯವರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ದ್ರಾವಕ ಆರುವಾಗ ಅಂಟಿನ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಆ ತಣ್ಣನೆಯ ಪದರದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ನೀರ ಹನಿಗಳು ಕೂರುತ್ತವೆ, ಅಂಟು ಮಂಕಾಗಿ ಬೆಳ್ಳಗಾಗುತ್ತದೆ, ಹಿಡಿತ ಕುಂದುತ್ತದೆ. ಮಳೆಗಾಲದಲ್ಲಿ ಈ ಕೆಲಸ ಮಾಡಿಸಬಾರದು ಎನ್ನಲು ಇದೇ ಮುಖ್ಯ ಕಾರಣ. ನಾವು ಮಾಡಿಸಿದ್ದು ಜನವರಿಯಲ್ಲಿ, ಬೆಳಗಿನ ಇಬ್ಬನಿ ಆರಿ ಬಿಸಿಲು ಏರಿದ ಮೇಲೆ. ಸೊಲ್ಯೂಷನ್ ಬೇಗ ಬೆಂಕಿ ಹಿಡಿಯುವಂಥದ್ದಾದ್ದರಿಂದ ಎಲ್ಲವೂ ತೆರೆದ ಶೆಡ್ಡಿನಲ್ಲೇ ನಡೆಯಿತು.

ಬಟ್ಟೆ ಹಾಸುವ ಕ್ರಮವನ್ನೂ ಹೇಳಬೇಕು. ಬೋರ್ಡಿನ ನಡುವಿನಿಂದ ಆರಂಭಿಸಿ, ಅರ್ಧ ಭಾಗವನ್ನು ಮಡಿಚಿಟ್ಟುಕೊಂಡು, ಸ್ವಲ್ಪ ಸ್ವಲ್ಪವೇ ಅಂಗೈಯಿಂದ ಹೊರಕ್ಕೆ ಸವರುತ್ತ ಹೋಗುತ್ತಾರೆ. ಒಳದೀಪದ ಕುಳಿ, ವೈಸರಿನ ತಗ್ಗು ಮುಂತಾದ ಕಡೆ ಬಟ್ಟೆಯನ್ನು ಬೆರಳಿನಿಂದ ತಗ್ಗಿನೊಳಕ್ಕೆ ಇಳಿಸಿ ಕೂರಿಸಬೇಕೇ ಹೊರತು ಒಂದಂಚಿನಿಂದ ಇನ್ನೊಂದಂಚಿಗೆ ಬಿಗಿದು ಹಾಯಿಸಬಾರದು. ಬಿಗಿದ ಬಟ್ಟೆ ತನ್ನ ಎಳೆತದಿಂದಲೇ ಕೆಲ ತಿಂಗಳಲ್ಲಿ ತಗ್ಗನ್ನು ಬಿಟ್ಟು ಮೇಲೇಳುತ್ತದೆ. ಅಂಚುಗಳನ್ನು ಬೋರ್ಡಿನ ಹಿಂಬದಿಗೆ ಮಡಿಚಿ ಅಂಟಿಸುವಷ್ಟು ಬಟ್ಟೆ ಸುತ್ತಲೂ ಇರಬೇಕು.

ಯಾವ ಬಟ್ಟೆ ಎಂಬ ಪ್ರಶ್ನೆಗೆ ನನ್ನ ಉತ್ತರ, ಫೋಮ್ ಬೆಸೆದ ಹೆಣಿಗೆ ಬಟ್ಟೆಯೇ. ಫೋಮ್ ಇಲ್ಲದ ಸಾದಾ ಬಟ್ಟೆ ಅಗ್ಗ, ಆದರೆ ಕೆರೆದ ಬೋರ್ಡಿನ ಪ್ರತಿಯೊಂದು ಉಬ್ಬುತಗ್ಗೂ ಅದರಲ್ಲಿ ಕಾಣುತ್ತದೆ. ಒರೆಸಲು ಸುಲಭವೆಂದು ರೆಕ್ಸಿನ್ ಹಾಕಿಸಿದ ಕಾರುಗಳನ್ನು ಕುಮಟಾ, ಅಂಕೋಲಾ ಕಡೆ ನೋಡಿದ್ದೇನೆ. ರೆಕ್ಸಿನ್ನಿನ ಭಾರ ಹೆಚ್ಚು, ಅದು ಉಸಿರಾಡುವುದಿಲ್ಲ, ಒಳಗೆ ಸಿಕ್ಕ ತೇವ ಹೊರಬರಲು ದಾರಿಯಿರುವುದಿಲ್ಲ. ನಮ್ಮ ಹವೆಗೆ ಅದು ಹೊಂದದು. ಬಣ್ಣ ತಿಳಿಬೂದಿಯಾದರೆ ಒಳಗೆ ಬೆಳಕು ಹೆಚ್ಚು, ಆದರೆ ಬೂಷ್ಟಿನ ಚುಕ್ಕೆ ಬೇಗ ಕಾಣುತ್ತದೆ. ಬೇಗ ಕಾಣುವುದೇ ಒಳ್ಳೆಯದೆಂದು ನಾವು ಅದನ್ನೇ ಆರಿಸಿದೆವು.

ಇನ್ನು ಬಾಳಿಕೆ. ಮೊದಲ ಕೆಲವು ವಾರ ಸೊಲ್ಯೂಷನ್ನಿನ ವಾಸನೆಯಿತ್ತು. ನೆರಳಿನಲ್ಲಿ ಗಾಜು ಇಳಿಸಿ ನಿಲ್ಲಿಸುತ್ತ ಬಂದಂತೆ ಅದು ಹೋಯಿತು. ಮೊದಲ ಮಳೆಗಾಲದಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ, ಮಾಡಿನ ಮೇಲೆ ಬೀಳುವ ಮಳೆಯ ಸದ್ದು ಹಿಂದಿಗಿಂತ ಕಡಿಮೆಯಾದದ್ದು ಮಾತ್ರ ಎದ್ದು ತಿಳಿಯಿತು. ಎರಡನೆಯ ಬೇಸಿಗೆಯ ಕೊನೆಗೆ ಹಿಂಗಾಜಿನ ಮೇಲಿನ ಅಂಚಿನಲ್ಲಿ, ಬಿಸಿಲು ನೇರವಾಗಿ ತಾಗುವಲ್ಲಿ, ಬೆರಳಗಲದಷ್ಟು ಬಟ್ಟೆ ಎದ್ದಿತ್ತು. ಅಂಗಡಿಯವರು ಬೀಡಿಂಗ್ ಸಡಿಲಿಸಿ ಆ ಅಂಚನ್ನು ಹೊಸದಾಗಿ ಅಂಟಿಸಿಕೊಟ್ಟರು, ಹಣ ಕೇಳಲಿಲ್ಲ. ಆಮೇಲೆ ಅದು ಮತ್ತೆ ಎದ್ದಿಲ್ಲ. ಮೂರನೆಯ ಮಳೆಗಾಲದಲ್ಲಿ ಹಿಂಬದಿಯ ಮೂಲೆಯೊಂದರಲ್ಲಿ ಬೂಷ್ಟಿನ ಸಣ್ಣ ಚುಕ್ಕೆಗಳು ಬಂದವು. ಒಣ ಬ್ರಶ್ಶಿನಿಂದ ಉದುರಿಸಿ, ಬಿಸಿಲು ಬಂದ ದಿನ ಬಾಗಿಲುಗಳನ್ನು ತೆರೆದಿಟ್ಟದ್ದಕ್ಕೆ ಹೋದವು. ನಡುಭಾಗ, ದೀಪದ ಕುಳಿ, ವೈಸರಿನ ತಗ್ಗು ಎಲ್ಲಿಯೂ ಒಂದು ಗುಳ್ಳೆಯಿಲ್ಲ. ಕಾರು ತೊಳೆಯುವ ಕಡೆ ಒಳಛಾವಣಿಗೆ ನೊರೆ ಅಥವಾ ಹಬೆ ಹಾಕಲು ನಾನು ಬಿಡುವುದಿಲ್ಲ, ಅಂಟಿನ ಹಿಡಿತ ಸಡಿಲವಾಗಲು ಅಷ್ಟು ತೇವವೂ ಶಾಖವೂ ಸಾಕು. ಹಿಂಡಿದ ಬಟ್ಟೆಯಿಂದ ಹಗುರವಾಗಿ ಒರೆಸುವುದಷ್ಟೇ ನಮ್ಮ ಆರೈಕೆ. ಮಳೆಗಾಲದಲ್ಲಿ ಕಾರಿಗೆ ಪ್ಲಾಸ್ಟಿಕ್ಕಿನ ಹೊದಿಕೆಯನ್ನೂ ಹಾಕುವುದಿಲ್ಲ, ಅದು ತೇವವನ್ನು ಒಳಗೇ ಹಿಡಿದಿಡುತ್ತದೆ.

ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದೇ ಎಂದು ಕೇಳುವವರಿದ್ದಾರೆ. ಹ್ಯಾಚ್‌ಬ್ಯಾಕ್ ಕಾರು, ಇನ್ನೊಬ್ಬರ ಸಹಾಯ, ಬೋರ್ಡು ಇಡಲು ಒಣ ಜಾಗ ಈ ಮೂರೂ ಇದ್ದರೆ ಆಗದ ಕೆಲಸವೇನಲ್ಲ. ಬಟ್ಟೆಗೂ ಸೊಲ್ಯೂಷನ್ನಿಗೂ ಆಗುವ ಖರ್ಚು ಅಂಗಡಿಯ ಬಿಲ್ಲಿಗಿಂತ ಬಹಳ ಕಡಿಮೆ. ಸೆಡಾನ್ ಇರುವವರು ಕುಶನ್ ಅಂಗಡಿಗೇ ಕೊಡುವುದು ಸೂಕ್ತ. ಕೊಡುವಾಗ ದರಕ್ಕಿಂತ ಮೊದಲು, ಬೋರ್ಡು ಹೊರತೆಗೆದು ಪೂರ್ತಿ ಕೆರೆಯುತ್ತೀರಾ ಎಂದು ಕೇಳಿ. ಬೋರ್ಡು ತೆಗೆಯದೆ ಒಂದೆರಡು ಗಂಟೆಯಲ್ಲಿ ಮುಗಿಸಿಕೊಡುತ್ತೇವೆ ಎಂದರೆ ಬೇರೆ ಅಂಗಡಿ ಹುಡುಕಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣ ದಿನಗಳನ್ನೇ ಗೊತ್ತುಮಾಡಿಕೊಳ್ಳಿ. ಕತ್ತರಿಸಿ ಉಳಿದ ಬಟ್ಟೆಯನ್ನು ಕೇಳಿ ಪಡೆದುಕೊಳ್ಳಿ. ಅದೇ ಬಣ್ಣದ ಬಟ್ಟೆ ಮುಂದೆ ಸಿಗುತ್ತದೆಂಬ ಭರವಸೆಯಿಲ್ಲ, ನಮಗೆ ಉಳಿದ ತುಂಡಿನಲ್ಲಿ ಎರಡೂ ವೈಸರ್‌ಗಳಿಗೆ ಹೊದಿಕೆಯಾಯಿತು.