ಕಾರವಾರದ ಸ್ಕ್ರೀನ್ ಪ್ರಿಂಟ್ ಅಂಗಡಿ, 40 ಚೀಲ, ಮತ್ತೆ ಉಲ್ಟಾ ಬಂದ ಫಾರ್ಸಿ

ಅಂಗಡಿ ಹೆಸ್ರು ಹಾಕೋದಿಲ್ಲ, ಮೊದ್ಲೇ ಹೇಳಿಬಿಡ್ತೇನೆ. ಹೊಗಳೋದರ ಜೊತೆ ತಪ್ಪೂ ಬರೀತಿದ್ದೇನೆ, ನಾಳೆ ಮೀನು ಮಾರ್ಕೆಟಲ್ಲಿ ಆ ಮಾಮ ಎದುರು ಸಿಕ್ಕಿದ್ರೆ ನಂಗೇ ಮುಜುಗರ. ಕಾರವಾರದಲ್ಲಿ, ಗ್ರೀನ್ ಸ್ಟ್ರೀಟಿಂದ ಒಳಗೆ ಹೋಗೋ ಒಂದು ಸಂದಿಯಲ್ಲಿ, ಇನ್ನೂ ಕೈಯಲ್ಲೇ ಸ್ಕ್ರೀನ್ ಎಳಿಯೋ, ಅಂದ್ರೆ ಜಾಲರಿ ಮೇಲೆ ಇಂಕ್ ಎಳೆದು ಬಟ್ಟೆಗೆ ಅಚ್ಚು ಹಾಕೋ ಅಂಗಡಿ ಅದು. ಎಲ್ರೂ ಫ್ಲೆಕ್ಸ್ ಮಷಿನ್ ಹಾಕ್ಕೊಂಡ ಮೇಲೆ ಇಂಥವರು ಎಷ್ಟು ಜನ ಉಳಿದಿದ್ದಾರೆ ಹೇಳಿ, ಗೊತ್ತಾಗೋರಿಗೆ ಗೊತ್ತಾಗ್ತದೆ.

ನಾನು ಹೊಲಿಗೆ ಕ್ಲಾಸ್ ನಡೆಸೋಳು, ಊರು ಸಿದ್ದಾಪುರ ಕಡೆ, ಮದ್ವೆ ಆಗಿ ಕಾರವಾರಕ್ಕೆ ಬಂದು 20 ವರ್ಷ ಆಯ್ತು. ಬಟ್ಟೆ ವಿಷಯದಲ್ಲಿ ಯಾರೂ ನಂಗೆ ಟೋಪಿ ಹಾಕೋಕಾಗಲ್ಲ, ಆದ್ರೆ ಇಂಕ್ ವಿಷ್ಯ ಗೊತ್ತಿರ್ಲಿಲ್ಲ, ಈ ಕೆಲಸದಲ್ಲಿ ಕಲ್ತೆ.

ಕತೆ ಏನಂದ್ರೆ 2023ರ ಸೆಪ್ಟೆಂಬರಲ್ಲಿ ನಮಗೆ 40 ಬಟ್ಟೆ ಚೀಲಕ್ಕೆ ಪ್ರಿಂಟ್ ಬೇಕಾಗಿತ್ತು. ಹಿಂದಿನ ವರ್ಷ ಸೆಪ್ಟೆಂಬರ್ 13ಕ್ಕೆ ಇರಾನಿನ ತೆಹ್ರಾನಲ್ಲಿ ಒಂದು ಹುಡುಗೀನ ತಲೆವಸ್ತ್ರ ಸರಿಯಾಗಿ ಹಾಕಿಲ್ಲ ಅಂತ ಅಲ್ಲಿನ ನೈತಿಕ ಪೊಲೀಸ್ನೋರು ಹಿಡ್ಕೊಂಡು ಹೋದ್ರಲ್ಲ, 16ಕ್ಕೆ ಆಸ್ಪತ್ರೆಯಲ್ಲಿ ತೀರಿಕೊಂಡ್ಳಲ್ಲ, ಮಹ್ಸಾ ಅಮೀನಿ, 22 ವರ್ಷ, ಇರಾನಿನಲ್ಲೇ ಕುರ್ದ್ ಜನ ಇರೋ ಕುರ್ದಿಸ್ತಾನ ಪ್ರಾಂತ್ಯದ ಸಕ್ಕೆಜ್ ಊರಿನೋಳು, ಮನೆಯಲ್ಲಿ ಕರೆಯೋ ಹೆಸ್ರು ಜೀನಾ. ಅವಳ ಮಣ್ಣಿಗೆ ಬಂದ ಹೆಂಗಸರು ಅಲ್ಲೇ ತಲೆವಸ್ತ್ರ ತೆಗ್ದ್ರು, ಅಲ್ಲಿಂದ ದೇಶ ಪೂರ್ತಿ ಹೊತ್ಕೊಂಡ್ತು. ನನ್ನ ಅಕ್ಕನ ಮಗಳು ಜರ್ಮನಿಯಲ್ಲಿ ಓದ್ತಾಳೆ, ಅವಳ ರೂಮ್‌ಮೇಟ್ ಇರಾನಿನೋಳು. ಬರ್ಲಿನಲ್ಲಿ 2022ರ ಅಕ್ಟೋಬರ್ 22ಕ್ಕೆ ಸುಮಾರು 80,000 ಜನ ಸೇರಿದ್ರು, ಅದರಲ್ಲಿ ಇವರಿಬ್ರೂ ಇದ್ರು. ಆ ವಿಡಿಯೋ ನನ್ನ ಕ್ಲಾಸಿನ ಹುಡುಗೀರಿಗೆ ತೋರ್ಸಿದೆ, ಅವತ್ತಿಂದ ಶುರು, ಟೀಚರ್ ನಾವೂ ಏನಾದ್ರೂ ಮಾಡುವ ಅಂತ. ವರ್ಷ ಆಗೋ ದಿನ ಬೀಚಲ್ಲಿ ಸುಮ್ನೆ ಒಂದರ್ಧ ಗಂಟೆ ನಿಲ್ಲುವ, ಕೈಲಿ ನಾವೇ ಹೊಲಿದ ಚೀಲ, ಅದರ ಮೇಲೆ ಅವರ ಘೋಷಣೆ, ಒಂದು ಫೋಟೋ ತೆಗ್ದು ಆ ಇರಾನಿನ ರೂಮ್‌ಮೇಟ್ ಹುಡುಗಿಗೆ ಕಳ್ಸುವ, ಇಷ್ಟೇ. ಭಾಷಣ ಇಲ್ಲ, ಮೈಕ್ ಇಲ್ಲ.

ಕೆಲವ್ರು ಕೂದಲು ಕತ್ತರಿಸುವ ಅಂದ್ರು, ವಿದೇಶದಲ್ಲಿ ನಟಿಯರೆಲ್ಲ ಮಾಡಿದ್ರಲ್ಲ, ಯುರೋಪಿನ ಸಂಸತ್ತಲ್ಲಿ ಸ್ವೀಡನ್ನಿನ ಒಬ್ಬ ಸದಸ್ಯೆ ಅಬೀರ್ ಅಲ್-ಸಹ್ಲಾನಿ ಮಾತಾಡ್ತಾ ಮಾತಾಡ್ತಾ ಕತ್ತರಿ ತೆಗ್ದು ಕತ್ತರಿಸ್ಕೊಂಡ್ರಲ್ಲ. ನಂಗೆ ಮನ್ಸಾಗ್ಲಿಲ್ಲ. ಅಲ್ಲಿ ದುಃಖಕ್ಕೆ, ಸಿಟ್ಟಿಗೆ ಹೆಂಗಸರು ತಾವೇ ಕೂದಲು ಕತ್ತರಿಸ್ಕೊಳ್ಳೋದು ಹಳೇ ಪದ್ಧತಿ. ನಮ್ಮಜ್ಜಿಯ ದೊಡ್ಡಮ್ಮನ ತಲೆ ಮಾತ್ರ ಬೇರೆಯೋರು ಬೋಳಿಸಿದ್ದು, ಗಂಡ ಸತ್ತ ಹತ್ತೇ ದಿನಕ್ಕೆ, ಆಮೇಲೆ ಸಾಯೋತನಕ ಕೆಂಪು ಸೀರೆ. ಆ ಮನೆಯಿಂದ ಬಂದೋಳು ನಾನು ಬೀಚಲ್ಲಿ ಕತ್ತರಿ ಹಿಡೀಲಿಕ್ಕೆ ಆಗ್ಲಿಲ್ಲ. ಚೀಲವೇ ಸಾಕು ಅಂದೆ.

ಸರಿ, ಅಂಗಡಿ. ಹೋದದ್ದೇ ತಪ್ಪು ಟೈಮಿಗೆ. ಸೆಪ್ಟೆಂಬರ್ 18ಕ್ಕೆ ಚೌತಿ, ಅಂಗಡಿ ತುಂಬ ಗಣಪತಿ ಬ್ಯಾನರು, ಶುಭ ಕೋರುವವರು ಅಂತ ಮುಖಗಳ ಸಾಲು. ಮಾಮ ತಲೆ ಎತ್ತದೇ ಕೇಳಿದ್ದು ಒಂದೇ ಪ್ರಶ್ನೆ, "ಪಾರ್ಟಿದಾ ಬಾಯಿ?" (ಬಾಯಿ ಅಂದ್ರೆ ಇಲ್ಲಿ ಅಕ್ಕ ಅಂದ ಹಂಗೆ.) ಅಲ್ಲ ಮಾಮ, ಹೆಂಗಸರದ್ದು ಅಂದೆ. "ಹೆಂಗಸರದ್ದು ಅಂದ್ರೆ ರೇಟ್ ಕಮ್ಮಿ ಕೇಳ್ತೀರಿ" ಅಂದ್ರು. ಕೇಳಿದೆ ಕೂಡ, ಕಮ್ಮೀನೂ ಮಾಡಿದ್ರು, ಸ್ಕ್ರೀನ್ ಮಾಡ್ಲಿಕ್ಕೆ 450 ರೂಪಾಯಿ, ಒಂದು ಚೀಲಕ್ಕೆ ಒಂದು ಬಣ್ಣ ಒಂದು ಸೈಡಿಗೆ 12. ಎರಡು ಸೈಡ್ ಬೇಕು ಅಂದ್ರೆ ಎರಡು ಸ್ಕ್ರೀನ್. ಒಟ್ಟು 1,860. ಫ್ಲೆಕ್ಸಾದ್ರೆ ಇನ್ನೂ ಕಮ್ಮಿಗೆ ಆಗ್ತಿತ್ತು, ಆದ್ರೆ ಫ್ಲೆಕ್ಸ್ ಆಮೇಲೆ ಎಲ್ಲಿಗೆ ಹೋಗ್ತದೆ, ಕಟ್ಟಿಗೆ ರಾಶಿ ಮೇಲೆ ಹೊದಿಸ್ಲಿಕ್ಕೆ.

ಒಂದು ಕಡೆ ಕನ್ನಡ, ಒಂದು ಕಡೆ ಇರಾನಿನ ಭಾಷೆ ಫಾರ್ಸಿ. ಕನ್ನಡದ್ದು ನಾನು "ಹೆಣ್ಣು, ಬದುಕು, ಸ್ವಾತಂತ್ರ್ಯ" ಅಂತ ಬರ್ಕೊಂಡು ಹೋಗಿದ್ದೆ. ಮಾಮ ಚೀಟಿ ನೋಡಿ ಕನ್ನಡಕ ಮೇಲೆ ಮಾಡಿ, "ಈ ಸ್ವಾತಂತ್ರ್ಯ ಬೇಡ ಬಾಯಿ, ತುಂಬ್ತದೆ" ಅಂದ್ರು. ನಂಗೆ ಒಂದು ಕ್ಷಣ ಸಿಟ್ಟೇ ಬಂತು, ಇವರೆಂತ ನಮಗೆ ಸ್ವಾತಂತ್ರ್ಯ ಬೇಡ ಅನ್ನೋದು ಅಂತ. ಅವ್ರು ಹೇಳಿದ್ದು ಇಂಕಿನ ವಿಷ್ಯ. ಕೋರಾ ಬಟ್ಟೆ ಒರಟು, ಅದ್ರಲ್ಲಿ ಸ್ವ ಕೆಳಗೆ ಒಂದು ಒತ್ತು, ತ್ರ್ಯಕ್ಕೆ ಎರಡೆರಡು ಒತ್ತು, ಆ ಸಣ್ಣ ಸಂದಿಯಲ್ಲೆಲ್ಲ ಇಂಕ್ ತುಂಬಿ ಕರೀ ಮುದ್ದೆ ಆಗ್ತದೆ, ನಾಲ್ಕು ಚೀಲ ಎಳಿದ ಮೇಲೆ ಓದ್ಲಿಕ್ಕೇ ಬರೂದಿಲ್ಲ. "ಬಿಡುಗಡೆ ಅಂತ ಹಾಕಿ, ಒಂದೂ ಒತ್ತಿಲ್ಲ, ಚೊಕ್ಕ ಬರ್ತದೆ" ಅಂದ್ರು. ಎಷ್ಟು ಚಂದದ ಶಬ್ದ ಅಲ್ವಾ, ನಾನು ಮೂರು ದಿನ ಕೂತು ಯೋಚ್ನೆ ಮಾಡಿದ್ರೂ ಹೊಳೆದಿರ್ಲಿಲ್ಲ. ಹಂಗಾಗಿ "ಹೆಣ್ಣು, ಬದುಕು, ಬಿಡುಗಡೆ" ಆಯ್ತು. ಹೆಣ್ಣಿಗೆ ಒಂದು ಒತ್ತು ಇದೆ, ಅದನ್ನು ಸ್ವಲ್ಪ ದೊಡ್ಡ ಮಾಡಿ ಸುಧಾರಿಸಿದ್ರು. ಅದರ ಕೆಳಗೆ ಕನ್ನಡ ಲಿಪಿಯಲ್ಲೇ ಸಣ್ಣಕ್ಕೆ "ಜಿನ್, ಜಿಯಾನ್, ಆಜಾದಿ", ಯಾಕಂದ್ರೆ ಆ ರೂಮ್‌ಮೇಟ್ ಹುಡುಗಿ ಖಡಾಖಂಡಿತ ಹೇಳಿದ್ಳು, ಘೋಷಣೆ ಮೊದ್ಲು ಕುರ್ದಿಶ್ ಹೆಂಗಸರದ್ದು, ಫಾರ್ಸಿಗೆ ಬಂದದ್ದು ಆಮೇಲೆ, ಅದನ್ನು ಬಿಡಬೇಡಿ ಅಂತ. ಇನ್ನೊಂದು ಮಾತೂ ಹೇಳಿದ್ಳು, ತನ್ನ ಹೆಸ್ರು ಎಲ್ಲೂ ಹಾಕಬೇಡಿ, ಅಪ್ಪ ಅಮ್ಮ ಅಲ್ಲೇ ಇದ್ದಾರೆ ಅಂತ.

ಇನ್ನು ಎಡವಟ್ಟಿಗೆ ಬರ್ತೇನೆ. ಫಾರ್ಸಿ ಮ್ಯಾಟರ್, ಅಂದ್ರೆ "ಜನ್, ಜೆಂದೆಗಿ, ಆಜಾದಿ", ವಾಟ್ಸಾಪಲ್ಲಿ ಕಳ್ಸಿದ್ದೆ. ಅಂಗಡಿ ಹುಡುಗ ಅದನ್ನು ಕಾಪಿ ಮಾಡಿ ಅವರ ಆ ಓಬಿರಾಯನ ಕಾಲದ ಡಿಟಿಪಿ ಸಾಫ್ಟ್‌ವೇರಿಗೆ ಹಾಕಿದ್ದಾನೆ, ಅದಕ್ಕೆ ಬಲದಿಂದ ಎಡಕ್ಕೆ ಬರೆಯೋ ಲಿಪಿ ಅಂದ್ರೆ ಗೊತ್ತೇ ಇಲ್ಲ, ಎಲ್ಲಾ ಅಕ್ಷರ ಬಿಡಿಬಿಡಿ ಮಾಡಿ ಎಡದಿಂದ ಜೋಡ್ಸಿಟ್ಟಿದೆ. ಹುಡುಗನಿಗೂ ಓದ್ಲಿಕ್ಕೆ ಬರಲ್ಲ, ನಂಗೂ ಬರಲ್ಲ, ನೋಡ್ಲಿಕ್ಕೆ ಚಂದ ಇತ್ತು, ಓಕೆ ಅಂದುಬಿಟ್ಟೆ! ಆರು ಚೀಲ ಎಳಿದೂ ಆಯ್ತು. ಸಂಜೆ ಕ್ಲಾಸಲ್ಲಿ ಒಂದನ್ನು ತೋರಿಸ್ತಿದ್ದೇನೆ, ಭಟ್ಕಳದಿಂದ ಮದ್ವೆ ಆಗಿ ಬಂದ ಹುಡುಗಿ ಒಬ್ಳು ಇದ್ದಾಳೆ ನಮ್ಮಲ್ಲಿ, ನವಾಯತಿ ಮಾತಾಡೋರು, ಕೊಂಕಣಿ ಥರದ್ದೇ ಭಾಷೆ ಆದ್ರೂ ಬರೆಯೋದು ಉರ್ದು ಥರದ ಲಿಪಿಯಲ್ಲಿ, ಅವಳು ಚೀಲ ತಿರುಗಿಸಿ ತಿರುಗಿಸಿ ನೋಡಿ, "ಟೀಚರ್, ಇದು ಎಂತ, ಯದಾಜಾ? ಯಾವ್ದಾದ್ರೂ ಊರಾ?" ಅಂದ್ಳು.

ಆಜಾದಿ ತಿರುಗಿ ಯದಾಜಾ ಆಗಿತ್ತು. ಜನ್ ಅಂದ್ರೆ ಹೆಣ್ಣು, ಅದು ನಜ್ ಆಗಿತ್ತು. ನಾವು ಬೀಚಲ್ಲಿ ಅದನ್ನು ಹಿಡ್ಕೊಂಡು ನಿಂತು ಫೋಟೋ ಜರ್ಮನಿಗೆ ಹೋಗಿದ್ರೆ ಏನಾಗ್ತಿತ್ತು ಯೋಚ್ನೆ ಮಾಡಿ. ಅಷ್ಟು ದೂರದಿಂದ ನಿಮ್ಮ ಜೊತೆ ಇದ್ದೇವೆ ಅಂತ ಹೇಳೋಕೆ ಹೊರಟು, ಅವರ ಮೂರು ಶಬ್ದವೇ ನೆಟ್ಟಗೆ ಬರೀಲಿಕ್ಕೆ ಆಗದಿದ್ರೆ ಮತ್ತೆಂತ ಜೊತೆ!

ಅವಳೇ ಕೂತು ಕಲಿಸಿದ್ಳು. ಇದು ನಂಗೆ ಇವತ್ತಿಗೂ ಖುಷಿ ಕೊಡೋ ವಿಷ್ಯ. ಆ ಲಿಪಿಯಲ್ಲಿ ಕೆಲವು ಅಕ್ಷರ ಮುಂದಿನ ಅಕ್ಷರದ ಕೈ ಹಿಡೀತವೆ, ಕೆಲವು ಹಿಡಿಯೋದೇ ಇಲ್ಲ. ಜನ್ ಅನ್ನೋದ್ರಲ್ಲಿ ಎರಡೂ ಅಕ್ಷರ ಬೇರೆ ಬೇರೆ ನಿಲ್ತವೆ. ಆಜಾದಿಯಲ್ಲಿ ಐದಕ್ಕೆ ಐದೂ ಬಿಡಿಬಿಡಿ, ಒಂದೂ ಇನ್ನೊಂದಕ್ಕೆ ಅಂಟೋದಿಲ್ಲ. ನಡುವಿನ ಜೆಂದೆಗಿ, ಅದೇ ನಮ್ಮ ಜಿಂದಗಿ, ಅದ್ರಲ್ಲಿ ಮಾತ್ರ ಎರಡೆರಡು ಅಕ್ಷರ ಕೈಕೈ ಹಿಡ್ಕೊಂಡಿರೋದು. ಐಸ್‌ಕ್ರೀಮ್ ಕಡ್ಡಿಯ ತುದಿ ಓರೆ ಕತ್ತರಿಸಿ, ಕಪ್ಪು ಶಾಯಿಯಲ್ಲಿ ಅದ್ದಿ, ಟ್ರೇಸಿಂಗ್ ಪೇಪರ್ ಮೇಲೆ ಅವಳೇ ಬರ್ದು ಕೊಟ್ಳು. ಅವಳಜ್ಜ ಕಲಿಸಿದ್ದಂತೆ. ಮರುದಿನ ನನ್ನ ಜೊತೆ ಬುರ್ಖಾ ಹಾಕ್ಕೊಂಡು ಅಂಗಡಿಗೂ ಬಂದ್ಳು.

ಇಲ್ಲಿ ಸ್ವಲ್ಪ ನಿಲ್ಲಬೇಕು. 2022ರ ಮಾರ್ಚ್ 15ಕ್ಕೆ ಹೈಕೋರ್ಟ್ ಹಿಜಾಬ್ ತೀರ್ಪು ಕೊಟ್ಟಿತ್ತು, ಅಕ್ಟೋಬರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ಜಡ್ಜ್ ಎರಡು ಥರ ಹೇಳಿದ್ರು, ನಮ್ಮ ಕರಾವಳಿಯಲ್ಲಿ ಆ ವರ್ಷ ಯಾರೂ ಯಾರ ಜೊತೆಗೂ ಆ ಮಾತು ಎತ್ತೋ ಹಂಗೇ ಇರ್ಲಿಲ್ಲ. ನಾನು ಚೀಲದ ಮೂಲೆಗೆ ಸುಡ್ತಾ ಇರೋ ತಲೆವಸ್ತ್ರದ ಚಿತ್ರ ಒಂದು ಹಾಕುವ ಅಂತಿದ್ದೆ, ಅಲ್ಲಿನ ಹೆಂಗಸರು ಬೆಂಕಿಗೆ ಹಾಕಿದ್ದು ನಿಜವೇ ಅಲ್ವಾ. ಅವಳು, "ಟೀಚರ್, ಅವರು ಅವರದ್ದು ಸುಟ್ರು. ನೀವು ಹಾಕಿದ್ರೆ ಇಲ್ಲಿ ಜನ ನಂದು ಸುಟ್ಟ ಹಂಗೆ ನೋಡ್ತಾರೆ" ಅಂದ್ಳು. ನಂಗೆ ಪೂರ್ತಿ ಒಪ್ಪಿಗೆ ಆಯ್ತಾ ಅಂದ್ರೆ ಇಲ್ಲ, ರಾತ್ರಿಯೆಲ್ಲ ತಲೆ ತಿಂತು. ಆದ್ರೆ ಚಿತ್ರ ತೆಗ್ಸಿದೆ. ಅಕ್ಷರ ಬರ್ದು ಕೊಟ್ಟೋಳು ಚೀಲ ಹಿಡಿಯೋಕೇ ಆಗದಿದ್ರೆ ಆ ಚೀಲ ಯಾರಿಗೆ ಅಂತ.

ಮಾಮನ ವಿಷಯದಲ್ಲಿ ಮೆಚ್ಚಬೇಕಾದ್ದು ಇದು, ತಪ್ಪು ನಮ್ಮದು ಅಂತ ಒಪ್ಕೊಂಡ್ರು. ಓಕೆ ಅಂದದ್ದು ನಾನೇ, ಜಗಳ ಆಡೋದಾದ್ರೆ ಆಡ್ಬಹುದಿತ್ತು. ಹೊಸ ಸ್ಕ್ರೀನಿಗೆ ದುಡ್ಡು ತಗೊಳ್ಳಲಿಲ್ಲ. ಆ ಟ್ರೇಸಿಂಗ್ ಪೇಪರ್ ನೋಡಿ ಮುಖ ಅರಳಿತು, "ಇದಕ್ಕೆ ಕಂಪ್ಯೂಟರೇ ಬೇಡ" ಅಂತ ನೇರ ಅದನ್ನೇ ಸ್ಕ್ರೀನಿಗೆ ಇಟ್ಟು, ಮಳೆ, ಬಿಸಿಲು ಎಲ್ಲಿಂದ, ಟ್ಯೂಬ್‌ಲೈಟ್ ಪೆಟ್ಟಿಗೆ ಮೇಲಿಟ್ಟು ಎಕ್ಸ್‌ಪೋಸ್ ಮಾಡಿದ್ರು, ಅಂದ್ರೆ ಬೆಳಕಲ್ಲಿ ಅಕ್ಷರ ಸ್ಕ್ರೀನಿಗೆ ಇಳಿಸಿದ್ರು. ಮತ್ತೆ ಉಲ್ಟಾ ಆಗಬಾರ್ದು ಅಂತ ಆ ಹುಡುಗಿ ಅವರಿಗೆ ಗುರ್ತು ಹೇಳಿಕೊಟ್ಳು, "ಮಾಮ, ಚುಕ್ಕಿ ಎಲ್ಲಾ ಮೇಲೆ, ಕೆಳಗೆ ಒಂದೂ ಇಲ್ಲ. ಬಿಡಿಬಿಡಿ ಇರೋ ಉದ್ದ ಶಬ್ದ ಎಡಗಡೆ ತುದಿಗೆ." ಮಾಮ ಅದನ್ನು ಗೋಡೆ ಮೇಲೆ ಪೆನ್ಸಿಲಲ್ಲಿ ಬರ್ಕೊಂಡ್ರು, ಚುಕ್ಕಿ ಮೇಲೆ, ಬಿಡಿ ಎಡಕ್ಕೆ. ಈಗ್ಲೂ ಇದೆ ಅದು, ಗಣಪತಿ ಮಂಡಳಿಯವರ ಫೋನ್ ನಂಬರುಗಳ ನಡುವೆ.

ಇನ್ನೊಂದು ಕಂಪ್ಲೇಂಟ್ ಇದೆ, ಒಣಗ್ಸೋದು. ಬಟ್ಟೆ ಇಂಕ್ ಹಾಕಿದ ಮೇಲೆ ಪೂರ್ತಿ ಒಣಗಿಸಿ ಹಿಂದುಗಡೆಯಿಂದ ಬಿಸಿ ಇಸ್ತ್ರಿ ಹಾಕಬೇಕು, ಆಗ ಮಾತ್ರ ಬಣ್ಣ ಹಿಡೀತದೆ. ಸೆಪ್ಟೆಂಬರಲ್ಲಿ ಕರಾವಳಿಯ ಹವೆಗೆ ಒಂದು ದಿನದಲ್ಲಿ ಎಂತದ್ದೂ ಒಣಗೋದಿಲ್ಲ, ಚೌತಿ ಗಡಿಬಿಡಿಯಲ್ಲಿ ಇವರು ಇಸ್ತ್ರಿ ಹಾಕ್ದೇ ಕಟ್ಟಿ ಕೊಟ್ಬಿಟ್ರು. 16ಕ್ಕೆ ಶನಿವಾರ, ಟಾಗೋರ್ ಬೀಚಲ್ಲಿ ನಾವು 23 ಜನ ನಿಂತ್ಕೊಂಡ ಹತ್ತು ನಿಮಿಷಕ್ಕೆ ಮಳೆ ಶುರು, ನನ್ನ ಕ್ರೀಮ್ ಕಲರ್ ಚೂಡಿದಾರದ ಮೇಲೆ ಫಾರ್ಸಿ ಅಕ್ಷರ ಅಚ್ಚು ಬಿತ್ತು, ಈ ಸಲ ನಿಜವಾಗ್ಲೂ ಕನ್ನಡಿಯಲ್ಲಿ ನೋಡಿದ ಹಂಗೆ. ಉಳಿದ ಚೀಲಕ್ಕೆಲ್ಲ ಮನೆಯಲ್ಲಿ ನಾವೇ ಇಸ್ತ್ರಿ ಹಾಕಿದ್ವಿ, ಅವು ಇವತ್ತಿಗೂ ಗಟ್ಟಿ, ಅದೆಷ್ಟು ಸಲ ತೊಳ್ದಿದ್ದೇನೋ, ಕಪ್ಪು ಸ್ವಲ್ಪ ಬೂದಿ ಆಗಿದೆ ಅಷ್ಟೆ. ಹಂಗಾಗಿ ಮಳೆಗಾಲದಲ್ಲಿ ಕೊಡೋದಾದ್ರೆ ನಾಲ್ಕು ದಿನ ಮೊದ್ಲೇ ಕೊಡಿ, ತರೋ ಮೊದ್ಲು ಒದ್ದೆ ಕರ್ಚೀಫಲ್ಲಿ ಒಂದು ಮೂಲೆ ಉಜ್ಜಿ ನೋಡಿ.

ನಿಂತಿದ್ದಾಗ ವಾಕಿಂಗ್ ಬಂದ ಒಬ್ರು ಕೇಳಿದ್ರು, ಇರಾನಿನ ಹೆಂಗಸರಿಗೆ ಕಾರವಾರದಲ್ಲಿ ನಿಂತ್ರೆ ಎಂತ ಆಗ್ತದೆ ಅಂತ. ಏನೂ ಆಗಲ್ಲ ಅನ್ನೋದು ನಮಗೂ ಗೊತ್ತಿತ್ತು. ನಾವು ನಿಂತ ನಾಲ್ಕೇ ದಿನಕ್ಕೆ, 20ಕ್ಕೆ, ಅಲ್ಲಿನ ಸಂಸತ್ತು ಇನ್ನೂ ಬಿಗಿ ಹಿಜಾಬ್ ಮಸೂದೆ ಪಾಸ್ ಮಾಡ್ತು, 10 ವರ್ಷದವರೆಗೂ ಜೈಲು ಅಂತ. ನಮ್ಮಜ್ಜಿ ಮಾತ್ರ ಒಂದು ಕತೆ ಹೇಳ್ತಿದ್ಳು, ಬ್ರಿಟಿಷರಿಗೆ ಕಂದಾಯ ಕೊಡೋದಿಲ್ಲ ಅಂತ ನಡೆದ ಕರನಿರಾಕರಣೆ ಕಾಲದಲ್ಲಿ ಸಿದ್ದಾಪುರದ ಕಡೆ ಜಪ್ತಿ ಆದ ಆಸ್ತಿ ಕೊಂಡೋರ ಮನೆ ಮುಂದೆ ಹೆಂಗಸರು ಹೋಗಿ ಉಪವಾಸ ಕೂತ್ರು ಅಂತ, ಆ ಕತೆಯಲ್ಲಿ ಅಜ್ಜಿಗೆ ಇಷ್ಟದ ಭಾಗ ಉಪವಾಸ ಅಲ್ಲ, ರಾತ್ರಿ ಕತ್ತಲಲ್ಲಿ ಪಕ್ಕದೂರಿನ ಯಾರೋ ಗುರ್ತಿಲ್ಲದ ಹೆಂಗಸು ಬಂದು ಕಂಬಳಿ ಹೊದಿಸಿ ಹೋದದ್ದು.

ಜರ್ಮನಿಯಿಂದ ಆ ಹುಡುಗಿ ವಾಯ್ಸ್ ಮೆಸೇಜ್ ಕಳ್ಸಿದ್ಳು, ಅಕ್ಕನ ಮಗಳು ಅದನ್ನು ಕನ್ನಡದಲ್ಲಿ ಹೇಳಿದ್ಳು. ಫೋಟೋ ನೋಡಿ ಮೊದ್ಲು ಕೇಳಿದ್ದು, ಇದು ಯಾರ ಕೈಬರಹ ಅಂತ. ಕಂಪ್ಯೂಟರ್ ಅಕ್ಷರ ಅಲ್ಲ ಅಂತ ನೋಡಿದ ಕೂಡ್ಲೇ ಗೊತ್ತಾಯ್ತಂತೆ. ಭಟ್ಕಳದೋಳಿಗೆ ಅದನ್ನು ಹೇಳಿದ್ರೆ ನಾಚ್ಕೊಂಡು ಮಷಿನ್ ಜೋರು ತುಳಿದ್ಳು.

ಅಕ್ಟೋಬರ್ 6ಕ್ಕೆ ಸಂಜೆ ನಂಗೆ ಫೋನ್, ಅಂಗಡಿ ಮಾಮನದ್ದು. ದುಡ್ಡೇನಾದ್ರೂ ಬಾಕಿ ಇತ್ತಾ ಅಂತ ಹೆದರಿ ಎತ್ತಿದೆ. "ಬಾಯಿ, ನಿಮ್ಮ ಹೆಂಗಸಿಗೆ ನೋಬೆಲ್ ಬಂತಂತೆ, ಟಿವಿಯಲ್ಲಿ ತೋರಿಸ್ತಿದ್ದಾರೆ, ಜೈಲಲ್ಲೇ ಇದ್ದಾಳಂತಲ್ಲ." ಇರಾನಿನ ಹೆಂಗಸರ ಹಕ್ಕಿಗೆ ಹೋರಾಡಿದ ನರ್ಗೆಸ್ ಮೊಹಮ್ಮದಿ, ಶಾಂತಿ ನೋಬೆಲ್. ನಮ್ಮ ಹೆಂಗಸು ಅಂದ್ರು ನೋಡಿ.

ಸ್ಟಾರ್ ಐದಕ್ಕೆ ನಾಲ್ಕು, ಒಂದು ಕಟ್ ಮಾಡಿದ್ದು ಇಸ್ತ್ರಿಗೆ. ಉಲ್ಟಾ ಬಂದ ಆರು ಚೀಲ ನಮ್ಮನೆಯಲ್ಲೇ ಇವೆ, ಎರಡರಲ್ಲಿ ತೆಂಗಿನಕಾಯಿ, ಒಂದರಲ್ಲಿ ಬಂಗ್ಡೆ ತರ್ತೇನೆ, ಮನೆಯೋರು "ಯದಾಜಾ ಎಲ್ಲಿಟ್ಟಿದ್ದೀಯೇ" ಅಂತಲೇ ಕೇಳೋದು. ಅಂಗಡಿ ಭಾನುವಾರ ಬಂದ್, ಮಧ್ಯಾಹ್ನ ಒಂದೂವರೆಯಿಂದ ನಾಲ್ಕರ ತನಕ ಮಾಮ ಮಲಗಿರ್ತಾರೆ, ಬಾಗಿಲು ಬಡೀಬೇಡಿ. ಗೂಗಲ್ ಪೇ ಇದೆ ಆದ್ರೆ ಫೋನ್ ಮಗನ ಹತ್ರ ಇರ್ತದೆ, ಚಿಲ್ಲರೆ ತಗೊಂಡು ಹೋಗಿ.