ಬಟಾಟೆ ಪಲ್ಯಕ್ಕೂ ಹಲಸಿನ ಬೇಳೆಗೂ ಒಗ್ಗಿದ ಥೈಮ್

ಕಾಸರಗೋಡು ಹೊಸ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಸೂಪರ್ ಮಾರ್ಕೆಟ್ಟಿಂದ ಎರಡು ತಿಂಗಳ ಹಿಂದೆ ಒಣ ಥೈಮ್ ಎಂಬ ಪರಿಮಳದ ಸೊಪ್ಪು ತಂದಿದ್ದೆ. 15 ಗ್ರಾಮಿನ ಗಾಜಿನ ಬಾಟ್ಲಿ, 110 ರೂಪಾಯಿ. ಪಿಜ್ಜಾ ಮಾಡಲಿಕ್ಕೆಂದು ತರಿಸಿದ ಮಗಳು ಹಾಸ್ಟೆಲಿಗೆ ಹೋದಳು, ಬಾಟ್ಲಿ ನನ್ನ ಪಾಲಿಗೆ ಉಳಿಯಿತು. ನಿನ್ನೆ ಅದೂ ಖಾಲಿ.

ಮೊದಲ ದಿನ ಕೊತ್ತಂಬರಿ ಸೊಪ್ಪಿನ ಹಾಗೆ, ಒಲೆ ಆರಿಸಿದ ಮೇಲೆ ಉದುರಿಸಿದ್ದೆ. ಹಲ್ಲಿಗೆ ಹುಲ್ಲಿನ ಚೂರು ಸಿಕ್ಕಿದ ಹಾಗಾಯಿತು, ಪರಿಮಳ ಬಿಡಲೇ ಇಲ್ಲ. ಗಟ್ಟಿ ಎಲೆ ಅದು, ಎಣ್ಣೆಯಲ್ಲಿ ಬಿಸಿಯಾಗಿ ನಿಧಾನಕ್ಕೆ ಬೇಯಬೇಕು. ಈಗ ತೆಂಗಿನೆಣ್ಣೆಯಲ್ಲಿ ಸಾಸಿವೆ ಸಿಡಿದ ಕೂಡಲೇ ಉರಿ ಸಣ್ಣ ಮಾಡಿ, ಅರ್ಧ ಚಮಚ ಥೈಮನ್ನು ಅಂಗೈಯಲ್ಲಿ ತಿಕ್ಕಿ ಹಾಕುತ್ತೇನೆ. ಎಲೆ ಕಪ್ಪಾಗುವ ಮೊದಲೇ ಕಾಲು ಕಿಲೊ ಬಟಾಟೆ ಹೋಳು, ಉಪ್ಪು, ಚಿಟಿಕೆ ಅರಸಿನ ಹಾಕಿ ಮುಚ್ಚುವುದು. ಬೆಂದ ಮೇಲೆ ಮುಚ್ಚಳ ತೆಗೆದು, ಕೈಯಾಡಿಸದೆ ಐದು ನಿಮಿಷ ಬಿಟ್ಟರೆ ಅಡಿ ಕೆಂಪಾಗುತ್ತದೆ. ಥೈಮಿನ ರುಚಿ ಇರುವುದು ಆ ಕೆಂಪು ಬದಿಯಲ್ಲಿಯೇ. ನೀರುಳ್ಳಿ ಬೆಳ್ಳುಳ್ಳಿ ಹಾಕದ ದಿನಗಳೇ ನಮ್ಮಲ್ಲಿ ಹೆಚ್ಚು. ಅಂಥ ಪಲ್ಯ ಈಗ ಸಪ್ಪೆ ಅನಿಸುವುದಿಲ್ಲ.

ಅತ್ತೆ ಒಂದು ತುತ್ತು ಬಾಯಿಗಿಟ್ಟವರೇ, "ಇದೆಂತ ಕೂಸೇ, ಓಮದ ಪರಿಮ್ಮಳ ಬತ್ತನ್ನೆ!" ಎಂದರು. ಅವರ ನಾಲಗೆ ತಪ್ಪಲಿಲ್ಲ. ಥೈಮಾಲ್ ಎಂಬ ಸಾರ ಓಮದಲ್ಲೂ ಇದೆ, ಥೈಮಿನಲ್ಲೂ ಇದೆ. ಓಮ ಗಂಟಲಿಗೆ ತಾಗುತ್ತದೆ, ಇದು ಮೆದು. ಗಿಡದ ಲೆಕ್ಕದಲ್ಲಿ ಮಾತ್ರ ಥೈಮ್ ತುಳಸಿ, ಪುದೀನದ ಕುಟುಂಬದ್ದು. ನಮ್ಮ ಬಾವಿಕಟ್ಟೆಯ ಹತ್ತಿರ ಹಬ್ಬಿದ ಸಾಂಬ್ರಾಣಿ ಸೊಪ್ಪು, ಅಂದರೆ ದೊಡ್ಡಪತ್ರೆಯೂ ಅದೇ ಕುಟುಂಬ. ತಂಬುಳಿಗೆ ನಾನು ಈಗಲೂ ಅದನ್ನೇ ಕೊಯ್ಯುತ್ತೇನೆ. ಒಣ ಥೈಮ್ ಮಜ್ಜಿಗೆಯಲ್ಲಿ ಬರೇ ಕಸದ ಹಾಗೆ ತೇಲುತ್ತದೆ.

ತೆಂಗಿನಕಾಯಿ ಅರೆದು ಹಾಕುವ ಪದಾರ್ಥಕ್ಕೂ ಇದು ಬೇಡ. ಸೌತೆಕಾಯಿ ಹುಳಿಗೆ ಹಾಕಿ ನೋಡಿದೆ, ಇಂಗು ಕೊತ್ತಂಬರಿಯ ನಡುವೆ ಔಷಧಿಯ ವಾಸನೆ ಬಂತು. ಇಂಗು ಹಾಕದ ಟೊಮೆಟೊ ಸಾರಿಗೆ, ಚೀನಿಕಾಯಿ (ಸಿಹಿಕುಂಬಳ) ಪಲ್ಯಕ್ಕೆ ಚೆನ್ನಾಗಿ ಹೊಂದುತ್ತದೆ.

ಎಲ್ಲಕ್ಕಿಂತ ಮೇಲಿನದು ಹಲಸಿನ ಬೇಳೆ, ಅಂದರೆ ಹಲಸಿನ ಬೀಜ. ಬೇಯಿಸಿ, ಬಿಳಿ ಸಿಪ್ಪೆ ತೆಗೆದು, ಎರಡು ಸೀಳು ಮಾಡಿ, ತುಪ್ಪದಲ್ಲಿ ಥೈಮ್ ಹಾಕಿ ಸೀಳಿದ ಬದಿ ಕೆಳಗೆ ಮಾಡಿ ಹುರಿಯಬೇಕು. ಇಳಿಸುವಾಗ ಜಜ್ಜಿದ ಕರಿಮೆಣಸು. ಮಳೆ ಹೊಯ್ಯುವ ಸಂಜೆ ಕುಚ್ಚಲಕ್ಕಿ ಗಂಜಿಯ ಜೊತೆ ಇದನ್ನು ಬಡಿಸಿದರೆ ಮನೆಯವರು ಉಪ್ಪಿನಕಾಯಿಯನ್ನೂ ಕೇಳುವುದಿಲ್ಲ.

ಇನ್ನು ಬಾಟ್ಲಿಯ ವಿಷಯ. ಮೇಲೆ ಒಳ್ಳೆಯ ಎಲೆ, ಕೆಳಗಿನ ಮೂರರಲ್ಲೊಂದು ಪಾಲು ಬರೇ ಕಡ್ಡಿ. ಈ ಬೆಲೆಗೆ ಹಾಗೆ ಮಾಡಬಾರದಿತ್ತು. ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು ಬಳಸಬೇಕಾಯಿತು. ಮುಚ್ಚಳವೂ ಸಡಿಲ. ಆಟಿ ತಿಂಗಳ ಮಳೆಯ ಥಂಡಿಗೆ ಎಲೆ ಮುದ್ದೆಯಾದದ್ದು ಕಂಡು ಸ್ಟೀಲಿನ ಡಬ್ಬಿಗೆ ಸುರಿದೆ, ಆಮೇಲೆ ಹಾಳಾಗಲಿಲ್ಲ. ಉರಿಯುವ ಒಲೆಯ ಮೇಲೆ ಬಾಟ್ಲಿಯಿಂದ ನೇರ ಉದುರಿಸಲೂ ಬೇಡಿ, ಹಬೆ ಒಳಗೆ ಹೋಗುತ್ತದೆ. ಥೈಮಿಗೆ ಐದರಲ್ಲಿ ನಾಲ್ಕು, ಆ ಕಂಪೆನಿಯ ಬಾಟ್ಲಿಗೆ ಎರಡು.

ಮುಂದಿನ ಸಲ ಬಾಟ್ಲಿಯ ಅಡಿಯನ್ನು ಬೆಳಕಿಗೆ ಹಿಡಿದು, ಕಡ್ಡಿ ಎಷ್ಟಿದೆ ನೋಡಿಯೇ ತರುವುದು. ಹೊಯಿಗೆಯಲ್ಲಿ (ಮರಳಿನಲ್ಲಿ) ಹೂತಿಟ್ಟ ಹಲಸಿನ ಬೇಳೆ ಇನ್ನೂ ಎರಡು ಸೇರು ಉಳಿದಿದೆ, ಅದು ಮೊಳಕೆ ಬರುವ ಮೊದಲು ಪೇಟೆಗೆ ಹೋಗಬೇಕು.