ಹಳೆಯ ಷೆವ್ರೊಲೆ ಇಂಜಿನ್ನು, ಅಂತರಸನಹಳ್ಳಿಯ ಲೇತ್ ಶೆಡ್ಡು

ತಂದೆಯವರ ಕಾಲದಿಂದ ನಮ್ಮ ಮನೆಯಲ್ಲಿರುವ 1948ರ ಷೆವ್ರೊಲೆ ಫ್ಲೀಟ್‌ಮಾಸ್ಟರ್ ಕಾರಿನ ಆರು ಸಿಲಿಂಡರ್ ಇಂಜಿನ್ನನ್ನು ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಲೇತ್ ಶೆಡ್ಡಿನಲ್ಲಿ ಪೂರ್ತಿ ಬಿಚ್ಚಿ ಕಟ್ಟಿಸಿದೆ. ಇಂಥ ಕಾರು ಇಟ್ಟುಕೊಂಡವರಿಗೆ ಉಪಯೋಗವಾಗಲೆಂದು ಆ ಕೆಲಸದ ಬಗ್ಗೆ ಬರೆಯುತ್ತಿದ್ದೇನೆ.

ಇದು 216 ಘನ ಅಂಗುಲದ ಇಂಜಿನ್ನು, ಬೋರ್ (ಸಿಲಿಂಡರಿನ ಒಳವ್ಯಾಸ) 3.5 ಅಂಗುಲ, ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ) 3.75 ಅಂಗುಲ. ಇದರದೇ ಬಳಗದ 235 ಘನ ಅಂಗುಲದ ಇಂಜಿನ್ನಿನಲ್ಲಿ ಬೋರ್ 3.5625, ಸ್ಟ್ರೋಕ್ 3.9375 ಅಂಗುಲ. ಹೊರನೋಟಕ್ಕೆ ಎರಡೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುವುದರಿಂದ ಒಂದರ ಸಾಮಾನನ್ನು ಇನ್ನೊಂದಕ್ಕೆ ಹಾಕಬಹುದೆಂಬ ನಂಬಿಕೆ ಬಹಳ ಜನರಲ್ಲಿದೆ. ನಾನೂ ಹಾಗೆ ನಂಬಿ, ಬೇರೆ ಊರಿನ ವ್ಯಾಪಾರಿಯೊಬ್ಬರು ‘ಬೋರ್ ಹೊಡೆಸಿದರೆ ಆಯಿತು’ (ಸಿಲಿಂಡರನ್ನು ಕೊರೆಸಿ ಅಗಲ ಮಾಡಿಸಿದರೆ ಸಾಕು) ಎಂದದ್ದಕ್ಕೆ 235ರ ಪಿಸ್ಟನ್ ಸೆಟ್ ತಂದಿದ್ದೆ.

ಶೆಡ್ಡಿನ ಹಿರಿಯ ಮೇಸ್ತ್ರಿ ಬ್ಲಾಕನ್ನು ತೊಳೆಸಿ, ಆರೂ ಬೋರನ್ನು ಮೇಲೆ, ನಡುವೆ, ಕೆಳಗೆ ಅಳೆದು, ಪಿಸ್ಟನ್ನಿನ ಪಿನ್ ಎತ್ತರವನ್ನೂ (ಪಿನ್ನಿನಿಂದ ಪಿಸ್ಟನ್ ತಲೆಯವರೆಗಿನ ಅಳತೆ) ನೋಡಿದ ಮೇಲೆ ಬಾಯಿ ಬಿಟ್ಟರು: ‘ಸಾರ್, ಇದು ಒಳಗೆ ಕೂತ್ಕೊಳುತ್ತೆ, ಆದ್ರೆ ಓಡಲ್ಲ.’ ಸ್ಟ್ರೋಕಿನ ವ್ಯತ್ಯಾಸದ ಅರ್ಧದಷ್ಟು, ಅಂದರೆ ಸುಮಾರು 2.4 ಮಿ.ಮೀ. ಲೆಕ್ಕ ತಪ್ಪುತ್ತದೆ, ಕ್ರ್ಯಾಂಕ್ (ಪಿಸ್ಟನ್ನುಗಳ ಬಲದಿಂದ ತಿರುಗುವ ದಂಡ), ರಾಡ್ (ಪಿಸ್ಟನ್ನನ್ನು ಅದಕ್ಕೆ ಸೇರಿಸುವ ಕೋಲು), ಪಿನ್ ಎತ್ತರ ಮೂರನ್ನೂ ಒಟ್ಟಿಗೆ ಹೊಂದಿಸದೆ ಪಿಸ್ಟನ್ ಮಾತ್ರ ಬದಲಿಸಿದರೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಕೆಡುತ್ತದೆ. ಮೇಲಾಗಿ ನೀರಿನ ದಾರಿಯಲ್ಲಿ ತುಕ್ಕು ತಿಂದಿದ್ದ ಗೋಡೆಯನ್ನು ಅಷ್ಟು ಕೊರೆಯಲು ಅವರು ಒಪ್ಪಲಿಲ್ಲ. ಹಾಗಾಗಿ ಮೂವತ್ತು ಥೌ (ಅಂಗುಲದ ಸಾವಿರದಲ್ಲಿ ಮೂವತ್ತು ಭಾಗ) ಓವರ್‌ಸೈಜ್‌ನ 216ರದೇ ಪಿಸ್ಟನ್ನುಗಳನ್ನು ಹೊರದೇಶದಿಂದ ತರಿಸಿದೆ. ರಿಂಗು, ಗ್ಯಾಸ್ಕೆಟ್ಟು ಜೊತೆಗೇ ಬಂದವು. ಬೋಲ್ಟು, ಹೋಸುಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ ಸಾಕಾಯಿತು.

ಈ ಇಂಜಿನ್ನಿನ ರಾಡುಗಳಿಗೆ ಈಗಿನಂತೆ ಶೆಲ್ ಬೇರಿಂಗ್ (ಬಿಡಿಯಾಗಿ ಬದಲಿಸಬಹುದಾದ ತೆಳು ಬೇರಿಂಗ್ ಹೋಳು) ಇಲ್ಲ, ವೈಟ್ ಮೆಟಲನ್ನು (ಬೇರಿಂಗಿಗೆ ಬಳಸುವ ಮೆದು ಮಿಶ್ರಲೋಹ) ಕರಗಿಸಿ ರಾಡಿನಲ್ಲೇ ಹೊಯ್ಯಬೇಕು. ಎಣ್ಣೆಯೂ ಪಂಪಿನ ಒತ್ತಡದಿಂದ ರಾಡಿಗೆ ಹೋಗುವುದಿಲ್ಲ. ನಿಧಾನವಾಗಿ ಓಡುವಾಗ ರಾಡಿನ ಕೆಳಗಿನ ಚಿಕ್ಕ ಸೌಟಿನಂಥ ಡಿಪ್ಪರ್ ತೊಟ್ಟಿಯ ಎಣ್ಣೆಯಲ್ಲಿ ಮುಳುಗೇಳುತ್ತದೆ; ವೇಗ ಹೆಚ್ಚಿದಾಗ ನಾಜಲ್‌ನಿಂದ ಚಿಮ್ಮುವ ಎಣ್ಣೆಯ ಧಾರೆ ಅದೇ ಡಿಪ್ಪರಿಗೆ ಬಡಿಯುತ್ತದೆ. ಧಾರೆ ಗುರಿ ತಪ್ಪಿದರೆ ಆ ರಾಡಿನ ಬೇರಿಂಗ್ ಉಳಿಯದು. ಮೇಸ್ತ್ರಿಯವರು ತಗಡಿನ ತುಂಡೊಂದರಲ್ಲಿ ಆರು ರಂಧ್ರ ಕೊರೆದು, ಆಯಿಲ್ ಪ್ಯಾನಿನ ಮೇಲಿಟ್ಟು, ನಾಜಲ್‌ಗಳಿಗೆ ಎಣ್ಣೆ ಬಿಟ್ಟು ಪ್ರತಿಯೊಂದು ಧಾರೆಯೂ ತನ್ನ ರಂಧ್ರದಲ್ಲಿ ನೇರ ಹಾದುಹೋಗುವುದನ್ನು ನನಗೆ ತೋರಿಸಿದರು. ನಾಲ್ಕನೆಯದು ಕೊಂಚ ಓರೆಯಾಗಿತ್ತು. ಅದನ್ನು ಬಗ್ಗಿಸಿ ಸರಿಮಾಡಿದ ಮೇಲೆಯೇ ಪ್ಯಾನ್ ಏರಿತು. ಇಷ್ಟು ಶ್ರದ್ಧೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕೊರತೆಗಳನ್ನೂ ಹೇಳಬೇಕು. ಎರಡು ತಿಂಗಳು ಎಂದದ್ದು ಐದಾಯಿತು, ಅದರಲ್ಲಿ ಪಿಸ್ಟನ್ನಿಗಾಗಿ ಕಾದದ್ದು ಒಂದೂವರೆ ತಿಂಗಳು ಮಾತ್ರ. ಗ್ರೈಂಡಿಂಗ್ ನಡೆಯುವ ಜಾಗದಲ್ಲೇ ಇಂಜಿನ್ ಜೋಡಿಸುತ್ತಾರೆ. ಲೋಹದ ಧೂಳಿನ ಭಯಕ್ಕೆ ನಾನೇ ಟಾರ್ಪಾಲು ತಂದು ಮರೆ ಕಟ್ಟಿಸಿದೆ. ಬಿಲ್ಲಿನಲ್ಲಿ ಪ್ರತಿ ಕೆಲಸದ ಕೂಲಿಯನ್ನು ಬಿಡಿಸಿ ಬರೆಯುವುದಿಲ್ಲ.

ಕಾರೀಗ ದೇವರಾಯನದುರ್ಗದ ಏರನ್ನು ಬಿಸಿಯಾಗದೆ ಹತ್ತುತ್ತಿದೆ. ಎಂಟುನೂರು ಕಿ.ಮೀ. ಓಡಿದ ಮೇಲೆ ಪ್ಯಾನ್ ಇಳಿಸಿ ರಾಡುಗಳ ಶಿಮ್ (ಬೇರಿಂಗಿನ ಸಡಿಲ ಸರಿಪಡಿಸುವ ತೆಳು ತಗಡು) ನೋಡಬೇಕೆಂದು ಮೇಸ್ತ್ರಿಯವರು ಹೇಳಿದ್ದಾರೆ. ಆರೂ ರಾಡಿನ ಅಳತೆ ಅವರ ನೋಟ್‌ಬುಕ್ಕಿನಲ್ಲಿ ನನ್ನ ಕಾರಿನ ನಂಬರಿನ ಕೆಳಗೆ ಬರೆದಿಟ್ಟಿದೆ.